ನಮ್ಮ ನಂತರ ಇವನಿಗ್ಯಾರು? (ಅಣ್ಣ ಮತ್ತು ನಾನು, ಭಾಗ 7)

1/3

ಹಿಂದಿನ ಪೋಸ್ಟಿಗೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಅಪ್ಪ ಅಮ್ಮನ ಕಾಲ ಆದ್ಮೇಲೆ ನಿಮ್ಮಣ್ಣನ್ನ ಯಾರು ನೋಡ್ಕೋತಾರೆ?" ಕೆಲವರು ಉತ್ತರಾನೂ ನೀವೇ ಕೊಟ್ಟಿದ್ರಿ: "ತಂಗಿ ನೀನಿದ್ದೀಯಲ್ಲ." ಇವತ್ತು ಅದರ ಬಗ್ಗೆನೇ ಬರೀತೀನಿ. ಉದ್ದ ಇದೆ, ನಿಧಾನವಾಗಿ ಓದಿ.

ಹೊಸಬರಿಗೆ ಹೇಳೋದಾದ್ರೆ, ಅಣ್ಣನಿಗೆ 28 ವರ್ಷ, ಬೌದ್ಧಿಕ ವೈಕಲ್ಯ ಇದೆ. ಊಟ ತಾನೇ ಮಾಡ್ತಾನೆ, ಆದ್ರೆ ಅನ್ನ ಕಲಸಿ ಕೊಡಬೇಕು. ಶರ್ಟಿನ ಗುಂಡಿ ಹಾಕೋದು ನಾನು. ಮಾತ್ರೆ ಅಮ್ಮನ ಲೆಕ್ಕ. ಸ್ನಾನಕ್ಕೆ ಅಪ್ಪನೇ ಆಗಬೇಕು. ಅಪ್ಪನಿಗೆ ಈಗ 59, ಮಂಡಿನೋವು ಶುರುವಾಗಿದೆ. ಬಚ್ಚಲುಮನೆಯ ಒಂದು ಮೆಟ್ಟಿಲು ಇಳಿಯೋವಾಗ ಯಾರು ಯಾರನ್ನ ಹಿಡ್ಕೊಂಡಿದ್ದಾರೆ ಅಂತಾನೇ ಗೊತ್ತಾಗಲ್ಲ.

ನಮ್ಮ ನೆಂಟರ ಹತ್ರ ಇದಕ್ಕೆ ಎರಡೇ ದಾರಿ. ಒಂದು, ನಾನು. "ಇವನನ್ನೂ ಒಪ್ಪಿಕೊಳ್ಳೋ ಹುಡುಗನ್ನೇ ನೋಡೋಣ" ಅಂತ ಈಗ್ಲೇ ಮಾತು ಶುರುವಾಗಿದೆ, ನಂದಿನ್ನೂ ಬಿಕಾಂ ಎರಡನೇ ವರ್ಷ! ಇನ್ನೊಂದು, "ಯಾವ್ದಾದ್ರೂ ಆಶ್ರಮಕ್ಕೆ ಸೇರಿಸಿ." ಈ ಎರಡರ ಮಧ್ಯೆ ಮೂರನೇದೊಂದು ದಾರಿ ಇದೆ. ಅದರ ಹೆಸರು ಗ್ರೂಪ್ ಹೋಮ್.

2/3

ಗ್ರೂಪ್ ಹೋಮ್ ಅಂದ್ರೆ ಸಾಮಾನ್ಯ ಬೀದಿಯಲ್ಲಿ ಒಂದು ಸಾಮಾನ್ಯ ಮನೆ. ದಿನಾ ಸಹಾಯ ಬೇಕಾದ ನಾಲ್ಕೈದು ವಯಸ್ಕರು ಅಲ್ಲಿ ಒಟ್ಟಿಗೆ ಇರ್ತಾರೆ, ನೋಡಿಕೊಳ್ಳೋರೂ ಜೊತೆಗಿರ್ತಾರೆ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ 2015ರಲ್ಲಿ 'ಹೋಮ್ ಅಗೇನ್' ಅಂತ ಇದೇ ರೀತಿಯದ್ದು ಶುರು ಮಾಡ್ತು. ದೀರ್ಘಕಾಲದ ಮಾನಸಿಕ ಕಾಯಿಲೆ ಇರೋರು ಆಸ್ಪತ್ರೆ ವಾರ್ಡಿನ ಬದಲು ಬಾಡಿಗೆ ಮನೆಗಳಲ್ಲಿ, ಅಕ್ಕಪಕ್ಕದವರ ಮಧ್ಯೆ ಬದುಕ್ತಾರೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇರೋ ವಯಸ್ಕರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್‌ನ 'ಘರೌಂದಾ' ಅನ್ನೋ ಯೋಜನೆ ಇದೆ. ಆದ್ರೆ ಬೇಕಾಗಿರೋಷ್ಟು ಮನೆಗಳು ಎಲ್ಲೂ ಇಲ್ಲ.

ಕ್ಲಾಸಲ್ಲಿ ನಮಗೆ ಹೇಳಿಕೊಡ್ತಾರೆ: ಪ್ರಮಾಣ ಹೆಚ್ಚಾದಷ್ಟೂ ತಲಾ ಖರ್ಚು ಇಳಿಯುತ್ತೆ. ನೂರು ಜನಕ್ಕೆ ಒಂದೇ ಅಡುಗೆಮನೆ, ಒಂದೇ ವಾಚ್‌ಮನ್. ಲೆಕ್ಕ ಸರಿಯಾಗೇ ಇದೆ. ಆದ್ರೆ ಅಣ್ಣ ಕಾಫಿ ಕುಡಿಯೋದನ್ನ ನೀವು ನೋಡಬೇಕು. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ, ಪೂರ್ತಿ ಆರಿದ ಮೇಲೇನೇ ಬಾಯಿಗೆ. ಇಪ್ಪತ್ತು ನಿಮಿಷ ಬೇಕು. ಐದು ಜನರ ಮನೆಯಲ್ಲಿ ಅದು ಅವನ ಅಭ್ಯಾಸ. ನೂರು ಜನರ ಸಾಲಿನಲ್ಲಿ ಅದೇ ಅವನ 'ಹಠ' ಆಗುತ್ತೆ, ಲೋಟ ಕಿತ್ಕೋತಾರೆ. ಇದನ್ನ ಯಾವ ಕಾಲಮ್ಮಿಗೆ ಬರೀಬೇಕು ಅಂತ ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿಲ್ಲ.

ಹೋದ ತಿಂಗಳು ಮೈಸೂರು ಕಡೆ ಅಂಥದ್ದೊಂದು ಮನೆ ನೋಡಿಬಂದ್ವಿ. ಅಮ್ಮ ಮೊದಲು ಹೋಗಿದ್ದೇ ಬಚ್ಚಲಿಗೆ. ನೆಲ ಜಾರುತ್ತಾ, ಗೋಡೆಗೆ ಹಿಡಿ ಇದೆಯಾ ನೋಡಿದ್ರು. ಆಮೇಲೆ ಒಂದೇ ಪ್ರಶ್ನೆ: "ರಾತ್ರಿ ಹೆದರಿಕೊಂಡ್ರೆ ಯಾರು ಏಳ್ತಾರೆ?" ಅಲ್ಲಿನವರು ಮಾತಾಡಲಿಲ್ಲ, ರೂಮಿನ ಬಾಗಿಲ ಪಕ್ಕ ಸುತ್ತಿಟ್ಟಿದ್ದ ತಮ್ಮ ಚಾಪೆ ತೋರಿಸಿದ್ರು. ಹಾಲಲ್ಲಿ ಒಬ್ಬರು "ನಂಗೆ ಉಪ್ಪಿಟ್ಟು ಬೇಡ" ಅಂತ ಜಗಳ ಆಡ್ತಿದ್ರು. ಅವರಿಗೆ ಅವಲಕ್ಕಿ ಬಂತು. ಅಮ್ಮ ನನ್ನ ಮುಖ ನೋಡಿದ್ರು.

ಫೀಸ್ ಕೇಳಿದಾಗ ಮಾತ್ರ ಅಪ್ಪ ಸುಮ್ಮನಾದ್ರು. ಬರೋ ಪೆನ್ಷನ್ನಿನ ಅರ್ಧಕ್ಕಿಂತ ಜಾಸ್ತಿ.

3/3

ಈಗ ನಿಮಗೆ ಉಪಯೋಗ ಆಗೋ ವಿಷಯ. ಸೇವ್ ಮಾಡಿಟ್ಕೊಳಿ.

ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ಅಪ್ಪ ಅಮ್ಮ ಕೂಡ ತಾವಾಗೇ ಕಾನೂನಿನ ಪ್ರಕಾರ ಪೋಷಕರಲ್ಲ. ಮೇಲೆ ಹೇಳಿದ ನಾಲ್ಕು ವೈಕಲ್ಯಗಳಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅನ್ವಯ ಆಗುತ್ತೆ. ಪೋಷಕರ ನೇಮಕಕ್ಕೆ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಡಿಸಿ ಆಫೀಸಲ್ಲಿ ವಿಚಾರಿಸಿ. ಅದೇ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮಾಜದ ಮಧ್ಯೆ ಬದುಕೋದು ಅವರ ಹಕ್ಕು ಅನ್ನುತ್ತೆ.

ಇನ್ನೊಂದು ನನ್ನ ಸಬ್ಜೆಕ್ಟಿಂದ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಯಲ್ಲಿ ಇಂಥ ಮಕ್ಕಳ ಹೆಸರಲ್ಲಿ ಪಾಲಿಸಿ ಕಟ್ಟೋರಿಗೆ ರಿಯಾಯಿತಿ ಇತ್ತು, ಆದ್ರೆ ಪಾಲಿಸಿ ದುಡ್ಡು ಮಗುವಿಗೆ ಸಿಗಬೇಕಾದ್ರೆ ಕಟ್ಟಿದವರು ಸಾಯಬೇಕಿತ್ತು! 2022ರಲ್ಲಿ ಅದನ್ನ ಬದಲಾಯಿಸಿದ್ರು. ಕಟ್ಟಿದವರಿಗೆ 60 ತುಂಬಿದ ಮೇಲೆ, ಅವರು ಬದುಕಿರುವಾಗಲೇ ಸಿಗಬಹುದು ಅಂತಾಯ್ತು.

ಆ ತಿದ್ದುಪಡಿ ಓದಿದಾಗಿಂದ ನಾನು ಮನೇಲಿ ಹೇಳ್ತಿರೋದು ಇದೊಂದೇ. "ನಮ್ಮ ನಂತರ" ಅನ್ನೋ ಪ್ರಶ್ನೆಗೆ ನಮ್ಮ ನಂತರ ಉತ್ತರ ಹುಡುಕೋಕಾಗಲ್ಲ. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಅಣ್ಣ ಹೊಸ ಮನೆಗೆ ಹೋಗಬೇಕು. ಭಾನುವಾರ ಅವರು ಹೋಗಿ ನೋಡಬೇಕು, ಹಬ್ಬಕ್ಕೆ ಅವನು ಬರಬೇಕು, ಸರಿ ಇಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರೋಕೆ ಅವರಿರಬೇಕು. ಅವರಿಬ್ಬರೂ ಹೋದ ವಾರದಲ್ಲೇ ಗೊತ್ತಿಲ್ಲದ ಮನೆಗೆ, ಗೊತ್ತಿಲ್ಲದ ಕೈಗಳಿಗೆ ಅವನನ್ನ ಒಪ್ಪಿಸೋದು ಕ್ರೂರ.

ಮುಂದಿನ ತಿಂಗಳು ಮೂರು ದಿನ ಅಲ್ಲಿ ಇದ್ದು ನೋಡ್ಲಿ ಅಂತ ಮಾತಾಗಿದೆ. ಅಣ್ಣನ್ನ ಕೇಳಿದ್ವಿ. "ಲೋಟ ತಗೊಂಡು ಹೋಗ್ಬೋದಾ?" ಅಂದ. ಹೂಂ ಅಂದಿದೀವಿ. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ರಾತ್ರಿ ಅಳ್ತಾರೆ. ನಾನೂ ಒತ್ತಾಯ ಮಾಡ್ತಿಲ್ಲ.

ನಿಮ್ಮ ಮನೇಲೂ ಇಂಥ ಅಣ್ಣನೋ ಅಕ್ಕನೋ ಇದ್ದು, "ನೀನಿದ್ದೀಯಲ್ಲ" ಅನ್ನೋ ಮಾತು ನೀವೂ ಕೇಳ್ತಿದ್ರೆ ಕೆಳಗೆ ಬರೀರಿ. ಅವನ ತಂಗಿಯಾಗಿ ನಾನು ಯಾವತ್ತೂ ಇರ್ತೀನಿ. ಆದ್ರೆ ಅವನಿಗೆ ಇರೋದು ನಾನೊಬ್ಬಳೇ ಅಂತ ಆಗಬಾರದು.