ಕಡಲ ಪಾಚಿಯ ಋಣ

ಅಡಿಗೆಯ ಮನೆಯ ಕೆಲವು ಪದಾರ್ಥಗಳಿಗೆ ತಮ್ಮದೆಂಬ ರುಚಿಯಿಲ್ಲ. ಆದರೂ ಅವಿಲ್ಲದೆ ಕೆಲಸ ಸಾಗದು. ಅಂಗಡಿಯವರು ಚೈನಾ ಗ್ರಾಸ್ ಎಂದು ಕೊಡುವ ಬಿಳಿಯ ಎಳೆಗಳು ಈ ಬಗೆಯವು. ಹುಲ್ಲೆಂದು ಹೆಸರಾದರೂ ಅದು ಹುಲ್ಲಲ್ಲ. ಕಡಲಿನ ಕೆಂಪು ಪಾಚಿಯನ್ನು ಕುದಿಸಿ, ಸೋಸಿ, ಒಣಗಿಸಿ ತೆಗೆದ ಅಂಟು. ಶಾಸ್ತ್ರಜ್ಞರು ಇದನ್ನು ಅಗರ್ ಎನ್ನುವರು.

ನಮ್ಮಂತಹ ಸಸ್ಯಾಹಾರಿಗಳಿಗೆ ಇದರ ಉಪಕಾರ ದೊಡ್ಡದು. ಜೆಲಟಿನ್ ಪ್ರಾಣಿಗಳ ಚರ್ಮ ಮೂಳೆಗಳಿಂದ ಬರುವುದರಿಂದ ನಾವು ಅದನ್ನು ಮುಟ್ಟೆವು. ಮಕ್ಕಳ ತಟ್ಟೆಯಲ್ಲಿ ನಡುಗುವ ತಿಂಡಿಯನ್ನು ಕಂಡು ಮನೆಯ ಹಿರಿಯರು, "ಇದು ಏತರಿಂದಾದುದು?" ಎಂದು ಕೇಳಿದಾಗ, ಅಗರಿನದಾದರೆ ಉತ್ತರಕ್ಕೆ ಸಂಕೋಚವಿಲ್ಲ. ಅದು ಕುದಿನೀರಿನಲ್ಲಿ ಕರಗಿ, 40 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದು. ಮತ್ತೆ ಕರಗಲು ಸುಮಾರು 85 ಡಿಗ್ರಿಯ ಕಾವು ಬೇಕು. ಜೆಲಟಿನ್ನಾದರೋ ಬೇಸಗೆಯ ಸೆಕೆಗೇ ನೀರಾಗುವುದು.

ಈ ಗುಣವು ವೈದ್ಯಶಾಸ್ತ್ರಕ್ಕೂ ಒದಗಿತು. 1881ರಲ್ಲಿ ಜರ್ಮನಿಯ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದ ಜೆಲಟಿನ್ ಸೆಕೆಗೆ ಕರಗಿಹೋಗುತ್ತಿತ್ತು. ಅವರ ಪತ್ನಿ ಫ್ಯಾನಿಯವರು ತಾವು ಅಡಿಗೆಯಲ್ಲಿ ಬಳಸುತ್ತಿದ್ದ ಅಗರನ್ನು ಸೂಚಿಸಿದರು. ಇಂದಿಗೂ ಪ್ರಯೋಗಶಾಲೆಗಳು ಅದನ್ನೇ ನೆಚ್ಚಿವೆ. ಒಬ್ಬ ಗೃಹಿಣಿಯ ತಿಳಿವಳಿಕೆ ಎಷ್ಟು ದೂರ ಸಾಗಿತೆಂಬುದನ್ನು ನೆನೆದರೆ ನಮಗೆ ಹೆಮ್ಮೆಯೆನಿಸುತ್ತದೆ.

ಅಗರಿಗೆ ಬಂಧುಗಳೂ ಉಂಟು. ಡಬ್ಬಿಗಳ ಮೇಲೆ 406 ಎಂದಿದ್ದರೆ ಅಗರ್. 407 ಎಂದಿದ್ದರೆ ಕೆಂಪು ಪಾಚಿಯದೇ ಆದ ಕ್ಯಾರಜೀನನ್. 401 ಎಂದಿದ್ದರೆ ಕಂದು ಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್. ಐಸ್‌ಕ್ರೀಮು ಮರಳುಮರಳಾಗದಂತೆಯೂ, ಚಾಕೊಲೇಟ್ ಹಾಲಿನಲ್ಲಿ ಪುಡಿ ತಳಕ್ಕಿಳಿಯದಂತೆಯೂ ಕಾಯುವವು ಇಂತಹವೇ.

ಆದರೆ ಈ ಪಾಚಿಯನ್ನು ತರುವವರಾರು? ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಬೆಸ್ತರ ಹೆಂಗಸರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ, ಬಂಡೆಗಳಿಂದ ಅದನ್ನು ಕೀಳುವರು. 1986ರಲ್ಲಿ ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತಣ ಕಡಲು ರಾಷ್ಟ್ರೀಯ ಉದ್ಯಾನವಾದ ಮೇಲೆ, ಅವರು ಹಿಂದಿನಿಂದ ಹೋಗುತ್ತಿದ್ದ ಎಡೆಗಳಿಗೆ ಪ್ರವೇಶ ನಿಷಿದ್ಧವಾಯಿತು. ಹವಳದ ದಿಬ್ಬಗಳು ಉಳಿಯಬೇಕೆಂಬುದು ನ್ಯಾಯ. ಆ ಮನೆಗಳ ಒಲೆ ಉರಿಯಬೇಕೆಂಬುದೂ ನ್ಯಾಯವೇ. ಎರಡನ್ನೂ ಸರಿದೂಗಿಸುವುದು ಸುಲಭವಲ್ಲ.

ತಿನ್ನುವ ವಸ್ತು ಏತರಿಂದಾದುದೆಂದು ವಿಚಾರಿಸುವುದು ನಮ್ಮ ಮನೆಗಳ ಒಳ್ಳೆಯ ವಾಡಿಕೆ. ಅದು ಯಾರ ಶ್ರಮದಿಂದ ಬಂದುದೆಂದೂ ಜೊತೆಗೆ ವಿಚಾರಿಸಿದರೆ ನಮ್ಮ ಮಡಿಗೆ ಕುಂದೇನೂ ಬಾರದು.