ಬಿಳಿಮೀನಿನ ಆಸೆ ಸ್ವಲ್ಪ ತಡೆದುಕೋ

ಪಾಂಡವಪುರ

ಪ್ರೀತಿಯ ಪುಟ್ಟಿ,

ಮಾನಸಗಂಗೋತ್ರೀಲಿ ಪಿಎಚ್.ಡಿ.ಗೆ ನೋಂದಣಿಯಾಯ್ತಂತೆ, ನಿಮ್ಮಪ್ಪ ಫೋನ್ ಮಾಡಿದ್ದ. ‘ಮೀನು ಓದೋಕೆ ಇಷ್ಟು ವರ್ಷ ಯಾಕೆ?’ ಅನ್ನೋದು ನಿಮ್ಮಜ್ಜಿ ಚಿಂತೆ.

ಕಾವೇರಿಯ ಬಿಳಿಮೀನೇ ಬೇಕು ಅಂತ ಹಟ ಹಿಡಿದಿದ್ದೀಯಂತೆ. ಯಾರಿಗೆ ಬೇಡ ಹೇಳು! 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಅಂಥ ಮೀನಿಗೂ ಟಾರ್ ರೆಮಾದೇವಿಯೈ ಅನ್ನೋ ಶಾಸ್ತ್ರೀಯ ಹೆಸರು ಖಚಿತವಾಗೋಕೆ 2018 ಬರಬೇಕಾಯ್ತು. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ದೊಡ್ಡದರ ಪಾಡೇ ಇದು. ಬೆರಳುದ್ದದ ಮೀನುಗಳನ್ನ ಕೇಳೋರ್ಯಾರು?

ನೀನು ಕೇಳು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ಅಣೆ ಕೆಳಗೆ, ನೊರೆ ಏಳೋ ಕಡೆ ಗಾರಾ ಅನ್ನೋ ಪುಟ್ಟ ಮೀನು ಹುಡುಕು. ಬಾಯಿ ತಳಭಾಗಕ್ಕಿರುತ್ತೆ, ಅದರ ಹಿಂದೇ ಒಂದು ಮೆತ್ತನೆ ಬಿಲ್ಲೆ. ಅದನ್ನ ಕಲ್ಲಿಗೆ ಒತ್ತಿ ಹಿಡಿದು ಎಂಥ ಸೆಳೆತಕ್ಕೂ ಜಗ್ಗಲ್ಲ. ಫಾರ್ಮಲಿನ್‌ಗೆ ಹಾಕಿದರೆ ಬಣ್ಣ ಹೋಗುತ್ತೆ, ಜೀವ ಇರುವಾಗಲೇ ಫೋಟೊ ತೆಗಿ. ಹುರುಪೆ ಆಮೇಲೆ ಎಣಿಸಬಹುದು.

ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣ ರಾವ್ 1920ರಲ್ಲಿ ಇಂಥದ್ದೇ ಪುಟ್ಟ ಮೀನಿಗೆ, ತುಂಗೆಯ ಗಾರಾ ಬೈಕಾರ್ನ್ಯೂಟಾಗೆ, ಹೆಸರು ಕೊಟ್ಟರು. ಲೋಕ ಅವರನ್ನ ಕಪ್ಪೆಗಳಿಂದ ನೆನೆಯುತ್ತೆ. ರಾವೋರ್ಕೆಸ್ಟಿಸ್ ಅನ್ನೋ ಕಪ್ಪೆ ಕುಲದಲ್ಲಿರೋದು ಅವರದೇ ಹೆಸರು. 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಗೆ ಮೊದಲ ಸಂಪಾದಕರಾದವರೂ ಅವರೇ. ಪ್ರೊಫೆಸರ್‌ಗಿರಿ ಅಂದರೆ ನನ್ನ ಕಣ್ಮುಂದೆ ಬರೋದು ಇಂಥವರು, ಬಡ್ತಿಯ ಅಂಕ ಲೆಕ್ಕ ಹಾಕ್ತಾ ಕೂರೋರಲ್ಲ.

ಇನ್ನೊಬ್ಬ ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣ, ತೊಣ್ಣೂರು ಕೆರೆ, ಮೇಲುಕೋಟೆ ಎಲ್ಲ ಸುತ್ತಿದವನು. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಬರೆದು ಕಾಟ್ಲ, ರೋಹುಗಳಿಗೆ ಹೆಸರಿಟ್ಟವನೂ ಅವನೇ. ಈಗ ನಾಗಮಂಗಲದ ಕಡೆ ಕೆರೆ ಪಾಶುವಾರು ಹಕ್ಕು ಹಿಡಿದವರು ತಂದು ಬಿಡೋದು ಆ ಗಂಗೆಯ ಮರಿಗಳನ್ನೇ. ಜೊತೆಗೆ ಆಫ್ರಿಕದ ಜಿಲೇಬಿ ಮೀನು ಬೇರೆ. ಇವುಗಳ ನಡುವೆ ನಮ್ಮ ಊರಿನದು ಏನು ಉಳಿದಿದೆ ಅಂತ ನೋಡಬೇಕಾದರೆ, ಬಲೆ ಬಿಡಿಸಿ ದಡಕ್ಕೆ ಎಸೀತಾರಲ್ಲ, ಆ ಪುಡಿಮೀನಿನ ರಾಶಿ ಕೆದಕು.

ಕೆ.ಆರ್. ಪೇಟೆ ಹೇಮಗಿರಿಗೆ ಬರೋದಾದರೆ ಮುಂಗಾರಿಗೆ ಮುಂಚೆ ಬಾ. ಹೇಮಾವತಿ ತುಂಬಿದರೆ ಕಲ್ಲೇ ಕಾಣಲ್ಲ. ಆ ಹವಾಯಿ ಚಪ್ಪಲಿ ಬೇಡ, ಪಾಚಿ ಮೇಲೆ ಜಾರ್ತೀಯ. ಕ್ಯಾನ್ವಾಸ್ ಶೂ ಹಾಕ್ಕೊಂಡು ಬಾ. ಬಿಳಿಮೀನಿನ ವಿಚಾರ ಗೈಡ್ ಹತ್ರ ಹೇಗೆ ಎತ್ತೋದು ಅಂತ ಅಲ್ಲೇ ಕೂತು ಮಾತಾಡೋಣ.

ನಿನ್ನ ಅತ್ತೆ