ಬಚ್ಚಲ ನೀರು

ಹಳಿಯಾಳ ತಾಲೂಕಿನ ಸಾಂಬ್ರಾಣಿಯಂತಹ ಗ್ರಾಮಗಳಲ್ಲಿ ನೀರು ಬರುವ ದಾರಿಯನ್ನು ಎಲ್ಲರೂ ಬಲ್ಲರು; ಹೋಗುವ ದಾರಿಯನ್ನು ವಿಚಾರಿಸುವವರು ವಿರಳ. ಬಾವಿಯಿಂದ ಸೇದುವ ಕಾಲದಲ್ಲಿ ನೀರಿನ ಬೆಲೆಯು ರಟ್ಟೆಗೆ ತಿಳಿಯುತ್ತಿತ್ತು. ಬಚ್ಚಲಿನಿಂದ ಹರಿದುದು ಹಿತ್ತಿಲ ಬಾಳೆ-ಕೆಸುಗಳ ಬುಡದಲ್ಲಿಯೇ ಇಂಗಿಹೋಗುತ್ತಿತ್ತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರು ನಳದ ನೀರನ್ನು ಗೊತ್ತುಮಾಡಿತು. ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಹೊಲಸಾಗಿ ಹೊರಬೀಳುವುದೆಂಬುದು ತಜ್ಞರ ಲೆಕ್ಕ. ಐದು ಜನರ ಮನೆಗೆ ದಿನವೂ 220 ಲೀಟರು! ಗಟಾರ ಕಟ್ಟಿದರೆ ತೀರಿತೆಂಬುದು ಭ್ರಮೆ. ಅದು ಒಬ್ಬರ ಅಂಗಳದ ಕಶ್ಮಲವನ್ನು ದನಕರುಗಳು ಕುಡಿಯುವ ಕೆರೆಗೆ ಒಯ್ಯುವುದಷ್ಟೆ. ನೀರಿನಲ್ಲಿ ಮಲಮೂತ್ರಗಳನ್ನು ಬಿಡುವುದನ್ನೂ ಉಗುಳುವುದನ್ನೂ ಮನುಸ್ಮೃತಿಯ 4ನೆಯ ಅಧ್ಯಾಯವು ನಿಷೇಧಿಸಿದೆ. 1974ರ ಜಲಮಾಲಿನ್ಯ ಶಾಸನದ ಆಶಯವೂ ಅದೇ. ಸ್ನಾನ-ಆಚಮನಗಳಲ್ಲಿ ಅಷ್ಟು ನಿಷ್ಠರಾದವರು ಇದನ್ನು ಮಾತ್ರ ಮರೆತದ್ದು ಸೋಜಿಗವೇ ಸರಿ.

ಸಣ್ಣ ಊರಿಗೆ ದೊಡ್ಡ ಯಂತ್ರಾಗಾರವೇ ಬೇಕೆಂದಿಲ್ಲ. ಸುಮಾರು ಒಂದು ಮೀಟರು ಆಳದ ಇಂಗುಗುಂಡಿ, ಅದರ ತುಂಬ ಕಲ್ಲು, ಅದಕ್ಕೆ ಮೊದಲು ಜಿಡ್ಡು-ಕಸಗಳನ್ನು ತಡೆಯುವ ಚಿಕ್ಕದೊಂದು ಕುಣಿ. ಇಷ್ಟಾದರೆ ಮಣ್ಣಿನ ಸೂಕ್ಷ್ಮಜೀವಿಗಳೇ ಬಹುಮಟ್ಟಿನ ಕೊಳೆಯನ್ನು ಜೀರ್ಣಿಸುವವು. ಪಾಯಖಾನೆಯ ನೀರನ್ನು ಮಾತ್ರ ಇದರೊಡನೆ ಬೆರೆಸಕೂಡದು. ಗುಂಡಿಯು ಬಾವಿಯಿಂದ ದೂರವಿರಬೇಕು. ಜಿಗುಟು ಮಣ್ಣಿನಲ್ಲಿಯೂ, ನೆಲದೊಳಗಿನ ನೀರು ಮೇಲೇರಿ ಬರುವ ಮಳೆಗಾಲದಲ್ಲಿಯೂ ಗುಂಡಿಯು ನೀರನ್ನು ಕುಡಿಯಲೊಲ್ಲದು. ಅಂತಹ ಮನೆಯವರು ಅಜ್ಜಿಯ ಕಾಲದ ಬಾಳೆಯ ಮಡಿಯನ್ನೇ ಮತ್ತೆ ಹಿತ್ತಿಲಲ್ಲಿ ಮಾಡಿಕೊಳ್ಳಬಹುದು.